ಹಿಟ್ಟು ಕಾಯುವುದಿಲ್ಲ

ಬೆಳಗಿನ ಆರೂವರೆಗೆ ಗುಬ್ಬಿಯ ಟೀ ಅಂಗಡಿಯ ಗಾಜಿನ ಜಾಡಿಗೆ ಬೀಳುವ ಬನ್ನು ಹಿಂದಿನ ರಾತ್ರಿ ಹತ್ತಕ್ಕೆ ಇನ್ನೂ ಮೂಟೆಯೊಳಗಿನ ಮೈದಾ. ಊರು ಮಲಗುವ ಹೊತ್ತಿಗೆ ನೈಟ್ ಶಿಫ್ಟಿನವರು ತಲೆಗೆ ಟೋಪಿ ಹಾಕಿಕೊಂಡು ಬೇಕರಿ ಘಟಕದ ಒಳಗೆ ಬರುತ್ತಾರೆ.

ನಮ್ಮ ಕಡೆ ಬೇಕರಿ ಎಂದರೆ ಅಯ್ಯಂಗಾರ್ ಬೇಕರಿ. ಹಾಸನ ಸೀಮೆಯ ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಆ ಆಲೂ ಬನ್, ದಿಲ್‌ಪಸಂದ್‌ಗಳ ರುಚಿ ತುಮಕೂರು, ಕುಣಿಗಲ್‌ಗಳ ಪೇಟೆಬೀದಿಗೂ ಬಂತು. ಅಲ್ಲಿ ಅಂಗಡಿ ಮುಂದೆ, ಒಲೆ ಹಿಂದೆ. ದೊಡ್ಡ ಘಟಕದಲ್ಲಿ ಮಾಡುವವರಿಗೆ ತಿನ್ನುವವರ ಮುಖ ಕಾಣುವುದಿಲ್ಲ. ವಸಂತನರಸಾಪುರದಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಮೇಲಂತೂ ತಿನಿಸಿನ ಕಾರ್ಖಾನೆ ನಮ್ಮ ತುಮಕೂರು ಜಿಲ್ಲೆಗೆ ಹೊಸದಲ್ಲ.

ಮಿಕ್ಸರ್ ಬಳಿ ನಿಂತವರ ಬೆರಳು ನೋಡಬೇಕು. ನಾದಿದ ಹಿಟ್ಟಿನಿಂದ ನಿಂಬೆಗಾತ್ರ ಚಿವುಟಿ, ಎರಡೂ ಕೈಯಲ್ಲಿ ಮೆಲ್ಲಗೆ ಹಿಗ್ಗಿಸಿ, ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ಹರಿಯದೆ ತೆಳು ಪೊರೆಯಾಗಿ ಬೆಳಕು ತೋರಿದರೆ ಹದ ಬಂದಂತೆ. ಬೇಸಿಗೆಯಲ್ಲಿ ನೀರಿಗೆ ಐಸ್ ಹಾಕುತ್ತಾರೆ; ಹಿಟ್ಟು ಬಿಸಿಯಾದರೆ ಈಸ್ಟ್ ಅವಸರ ಮಾಡುತ್ತದೆ. ಆಮೇಲೆ ಉಂಡೆಗಳು ಸುಮಾರು 35 ಡಿಗ್ರಿಯ ಹಬೆಕೋಣೆಯಲ್ಲಿ ಒಂದು ತಾಸು ಉಬ್ಬಿ, 200 ಡಿಗ್ರಿ ದಾಟಿದ ಓವನ್ನಿಗೆ ಹೋಗುತ್ತವೆ. ಬ್ರೆಡ್ಡಾದರೆ ಪೂರ್ತಿ ಆರುವವರೆಗೆ ಹೋಳು ಮಾಡುವಂತಿಲ್ಲ. ಬಿಸಿಯಲ್ಲೇ ಕವರಿಗೆ ಹಾಕಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ.

ಉಬ್ಬಿದ ಹಿಟ್ಟು ಹೊತ್ತಿಗೆ ಸರಿಯಾಗಿ ಒಲೆ ಸೇರದಿದ್ದರೆ ಕುಸಿಯುತ್ತದೆ. ಹಾಗಾಗಿ ಬದಲಿಗೆ ಬರಬೇಕಾದವರು ತಡಮಾಡಿದರೆ ಇದ್ದವರು ಟ್ರಾಲಿ ಬಿಟ್ಟು ಹೊರಡಲಾರರು. ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದೇ ಕಾಯ್ದೆಯ ಇನ್ನೊಂದು ಮಾತು ನನಗೆ ಬಹಳ ಮುಖ್ಯ: ನಡುರಾತ್ರಿ ದಾಟುವ ಶಿಫ್ಟಿನವರಿಗೆ ರಜೆಯ ದಿನವೆಂದರೆ ಶಿಫ್ಟ್ ಮುಗಿದ ಹೊತ್ತಿನಿಂದ 24 ತಾಸು. ಕ್ಯಾಲೆಂಡರಿನ ತಾರೀಖು ನೋಡಿ ರಜೆ ಎಣಿಸಿದರೆ ಅವರ ನಿದ್ದೆಗೇ ಅರ್ಧ ದಿನ ಹೋಗುತ್ತದೆ. ಹಾಗೆ ಎಣಿಸುವುದು ಅನ್ಯಾಯ.

ಬೆಳಗಾಗುತ್ತಲೇ ವ್ಯಾನುಗಳು ಹೊರಡುತ್ತವೆ. ಕುಣಿಗಲ್ ಕಡೆಯವರು ಬಸ್ಸಿನ ಕಿಟಕಿಗೆ ತಲೆ ಆನಿಸುತ್ತಾರೆ. ಮುಂಗೈಯಲ್ಲಿ ಟ್ರೇ ಅಂಚು ಸುಟ್ಟ ಗೆರೆ, ಅಂಗಿಯಲ್ಲಿ ಬನ್ನಿನ ವಾಸನೆ. ಎದುರಿಗೆ ಶಾಲೆಗೆ ಹೊರಟ ಮಕ್ಕಳು.