ಒಂದೇ ಚೌಕಟ್ಟು, ಎರಡು ಆಯಸ್ಸು

ಸಂಜೆ ಹೊತ್ತು ಮಾಮೂಲಿ ಎಸ್‌ಡಿ ಚಾನೆಲ್ಲಿನಲ್ಲಿ ಧಾರಾವಾಹಿ ಬರುತ್ತಿದೆ ಎಂದುಕೊಳ್ಳಿ. ಸೆಟ್ ಟಾಪ್ ಬಾಕ್ಸಿಗೆ ಬಂದು ಸೇರುವ ಆ ಚಿತ್ರದಲ್ಲಿ ಅಡ್ಡಕ್ಕೆ ಹೆಚ್ಚೆಂದರೆ 720, ಎತ್ತರಕ್ಕೆ 576 ಚುಕ್ಕಿಗಳಿರುತ್ತವೆ. ಒಟ್ಟು 4,14,720. ಗೋಡೆಗೆ ತೂಗಿಸಿದ 4ಕೆ ಟಿವಿಯ ಪರದೆಯಲ್ಲಿ ಇರುವುದು 3840 ಗುಣಿಸು 2160, ಅಂದರೆ 82,94,400 ಚುಕ್ಕಿ. ಭಾಗಿಸಿ ನೋಡಿ, ಶೇಷವಿಲ್ಲದೆ 20 ಬರುತ್ತದೆ. ಲೆಕ್ಕದ ಪ್ರಕಾರ ನಾವು ನೋಡುವ ಪ್ರತಿ 20 ಚುಕ್ಕಿಗಳಲ್ಲಿ ಒಂದಷ್ಟೇ ಚಾನೆಲ್‌ನವರು ಕಳಿಸಿದ್ದು. ಉಳಿದ 19ನ್ನು ಬಾಕ್ಸು ಮತ್ತು ಟಿವಿಯೊಳಗಿನ ಚಿಪ್ ಸೇರಿ, ಅಕ್ಕಪಕ್ಕದ ಬಣ್ಣ ನೋಡಿ, ಊಹಿಸಿ ತುಂಬುತ್ತವೆ.

ಈ ಊಹೆಯ ಕೆಲಸಕ್ಕೆ ಅಪ್‌ಸ್ಕೇಲಿಂಗ್ ಎನ್ನುತ್ತಾರೆ. ಒಳ್ಳೆಯ ಚಿಪ್ ಇದ್ದರೆ ಮುಖ ಮುಖವಾಗಿಯೇ ಕಾಣುತ್ತದೆ. ಅಗ್ಗದ ಚಿಪ್ ಆದರೆ ಚರ್ಮ ಮೇಣ ಬಳಿದಂತಾಗುತ್ತದೆ, ಕೂದಲಿನ ಅಂಚಿಗೆ ಬಿಳಿ ಗೆರೆ ಮೂಡುತ್ತದೆ, ಓಡುವ ಚೆಂಡಿನ ಸುತ್ತ ಚೌಕಚೌಕವಾಗಿ ಒಡೆಯುತ್ತದೆ. ಅಂಗಡಿಯಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ. ಅಲ್ಲಿ ಓಡಿಸುವುದು ಕಂಪನಿಯವರೇ ಕೊಟ್ಟ ಅಚ್ಚುಕಟ್ಟಾದ 4ಕೆ ವಿಡಿಯೊ: ಗಿಳಿಗಳು, ಹೂಗಳು, ನೀಲಿ ಸಮುದ್ರ. ಅದರಲ್ಲಿ ಊಹಿಸಬೇಕಾದ ಚುಕ್ಕಿ ಒಂದೂ ಇರುವುದಿಲ್ಲ. ಹಾಗಾಗಿ ಟಿವಿ ಕೊಳ್ಳಲು ಹೋದವರು ಮೊದಲು ಕೇಳಬೇಕಾದ್ದು, 'ಇದರಲ್ಲಿ ಒಂದು ಎಸ್‌ಡಿ ಚಾನೆಲ್ ಹಾಕಿ' ಎಂದು. ಬಾಕ್ಸ್ ಇಲ್ಲವೆಂದರೆ ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಸಿನಿಮಾದ ಒಂದು ಹಾಡನ್ನು 480ರ ಗುಣಮಟ್ಟದಲ್ಲಿ ಹಾಕಿಸಿ, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ನಿಂತು ನೋಡಬೇಕು. ಪಕ್ಕಪಕ್ಕದ ಎರಡು ಟಿವಿಗಳ ನಡುವಿನ ನಿಜವಾದ ವ್ಯತ್ಯಾಸ ಆಗ ಕಣ್ಣಿಗೆ ಬೀಳುತ್ತದೆ.

ಸ್ಮಾರ್ಟ್ ಟಿವಿ ಎಂದು ನಾವು ಕೊಂಡು ತರುವುದು ಒಂದು ಯಂತ್ರವಲ್ಲ, ಎರಡು. ಒಂದು ಪರದೆ, ಇನ್ನೊಂದು ಆ ಪರದೆಯ ಬೆನ್ನಿಗೆ ಕೂತಿರುವ ಪುಟ್ಟ ಕಂಪ್ಯೂಟರು. ಪರದೆಗೆ ಹತ್ತು ವರ್ಷ ಬಾಳುವ ಶಕ್ತಿ ಇದೆ. ಕಂಪ್ಯೂಟರು ನಾಲ್ಕೈದು ವರ್ಷಕ್ಕೇ ಮುದಿಯಾಗುತ್ತದೆ. ಎರಡರ ಬೆಲೆಯನ್ನೂ ಒಟ್ಟಿಗೆ ಕೊಡುವಾಗ ಹಣವನ್ನು ಯಾವುದರ ಮೇಲೆ ಹಾಕಬೇಕೆಂಬುದು ಇಲ್ಲೇ ತೀರ್ಮಾನವಾಗುತ್ತದೆ: ಪರದೆಯ ಮೇಲೆ. ಕಂಪ್ಯೂಟರನ್ನು ಆಮೇಲೆ ಬದಲಿಸಿಕೊಳ್ಳಬಹುದು, ಪರದೆಯನ್ನು ಆಗುವುದಿಲ್ಲ. ಒಡೆದ ಪ್ಯಾನೆಲ್ ಹಾಕಿಸಲು ಹೋದವರಿಗೆ ಗೊತ್ತು, ಅದರ ಬೆಲೆ ಹೊಸ ಟಿವಿಯ ಹತ್ತಿರಕ್ಕೇ ಬರುತ್ತದೆ.

ಪರದೆ ಕೆಲಸ ಮಾಡುವ ಬಗೆ ತಿಳಿದರೆ ಪೆಟ್ಟಿಗೆಯ ಮೇಲಿನ ದೊಡ್ಡ ದೊಡ್ಡ ಹೆಸರುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಎಲ್‌ಇಡಿ ಟಿವಿ ಎಂದು ಮಾರುವುದೆಲ್ಲ ದ್ರವಸ್ಫಟಿಕದ ಪರದೆಯೇ, ಎಲ್‌ಸಿಡಿಯೇ. ಎಲ್‌ಇಡಿಗಳು ಹಿಂದೆ ಕೂತು ಬೆಳಕು ಕೊಡುತ್ತವೆ, ಅಷ್ಟೆ. ಆ ಬೆಳಕಿನ ಮುಂದೆ ಎರಡು ಪೋಲರೈಸರ್ ಹಾಳೆಗಳು. ಮೊದಲನೆಯದು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತದೆ, ಎರಡನೆಯದನ್ನು ಅದಕ್ಕೆ ಅಡ್ಡಲಾಗಿ ಇಟ್ಟಿರುತ್ತಾರೆ. ನಡುವೆ ಏನೂ ಇಲ್ಲದಿದ್ದರೆ ಬೆಳಕು ಹೊರಗೆ ಬರುವಂತೆಯೇ ಇಲ್ಲ. ನಡುವೆ ಇರುವ ದ್ರವಸ್ಫಟಿಕದ ಅಣುಗಳು ಬೆಳಕು ಕಂಪಿಸುವ ದಿಕ್ಕನ್ನೇ ಬದಲಿಸಬಲ್ಲವು. ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಿದರೆ ಅಣುಗಳು ವಾಲುತ್ತವೆ, ಬೆಳಕು ಅಷ್ಟಷ್ಟೇ ಹೊರಬೀಳುತ್ತದೆ. ಒಂದೊಂದು ಚುಕ್ಕಿಯೂ ಕೆಂಪು, ಹಸಿರು, ನೀಲಿ ಗಾಜಿನ ಮೂರು ಪುಟಾಣಿ ಕಿಟಕಿ ಇದ್ದ ಹಾಗೆ. 4ಕೆ ಪರದೆಯಲ್ಲಿ ಅಂಥ ಕಿಟಕಿಗಳು ಸುಮಾರು 2.5 ಕೋಟಿ. ಸೆಕೆಂಡಿಗೆ ಹತ್ತಾರು ಸಲ ಪ್ರತಿಯೊಂದಕ್ಕೂ ಎಷ್ಟು ತೆರೆಯಬೇಕೆಂಬ ಆಜ್ಞೆ ಬರುತ್ತಲೇ ಇರುತ್ತದೆ.

ದ್ರವಸ್ಫಟಿಕವೆಂಬ ಈ ವಿಚಿತ್ರ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವರು ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್. ಗಜ್ಜರಿಯಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತ ಎರಡೆರಡು ಸಲ ಕರಗುವುದನ್ನು ಅವರು ಕಂಡರು. ಸುಮಾರು 145 ಡಿಗ್ರಿಯಲ್ಲಿ ಅದು ಮಬ್ಬು ದ್ರವವಾಯಿತು, 178ರ ಆಸುಪಾಸಿನಲ್ಲಿ ತಿಳಿಯಾಯಿತು. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಕಥೆಯ ಮುಂದಿನ ಒಂದು ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿಯವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳೆಲ್ಲ ಕಡ್ಡಿಯ ಆಕಾರದವು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ಕಂಬ ಕಂಬವಾಗಿ ಪೇರಿಸಿಕೊಂಡು ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿಕೊಟ್ಟರು. ಈ ಚಂದ್ರಶೇಖರ್ ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ಅದೇ ಬಗೆಯ ತಟ್ಟೆ ಅಣುಗಳಿಂದ ಒಂದು ತೆಳು ಹಾಳೆ ಮಾಡಿತು. ಓರೆಯಾಗಿ ನೋಡಿದರೆ ಬಣ್ಣ ಕೆಡುತ್ತಿದ್ದ ಅಂದಿನ ಕಂಪ್ಯೂಟರ್ ಪರದೆಗಳು ಬದಿಯಿಂದಲೂ ಚೆನ್ನಾಗಿ ಕಾಣುವಂತಾದದ್ದು ಆ ಹಾಳೆಯಿಂದ. ಬೆಂಗಳೂರಿನ ಮೇಖ್ರಿ ವೃತ್ತದ ಬಳಿ ನಡೆದ ಕೆಲಸ ಜಗತ್ತಿನ ಕೋಟ್ಯಂತರ ಮೇಜುಗಳ ಮೇಲೆ ಬಂದು ಕೂತದ್ದು ನಮ್ಮ ಶಾಲೆಗಳ ವಿಜ್ಞಾನ ಪಾಠದಲ್ಲಿ ಇರಬೇಕಾದ ವಿಷಯ.

ಓರೆಯಿಂದ ನೋಡುವ ಪ್ರಶ್ನೆ ಟಿವಿಯಲ್ಲಿ ಇಂದಿಗೂ ಇದೆ. ಎಲ್‌ಸಿಡಿ ಪ್ಯಾನೆಲ್ಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ವಿಎ ಪ್ಯಾನೆಲ್ಲಿನಲ್ಲಿ ವಿದ್ಯುತ್ ಇಲ್ಲದಾಗ ಅಣುಗಳು ಗಾಜಿಗೆ ಲಂಬವಾಗಿ ನಿಂತಿರುತ್ತವೆ, ಕತ್ತಲನ್ನು ಬಿಗಿಯಾಗಿ ಹಿಡಿಯುತ್ತವೆ. ಐಪಿಎಸ್ ಪ್ಯಾನೆಲ್ಲಿನಲ್ಲಿ ಗಾಜಿಗೆ ಸಮಾನಾಂತರವಾಗಿ ಮಲಗಿದ್ದು ಮಲಗಿದಲ್ಲೇ ತಿರುಗುತ್ತವೆ, ಆದ್ದರಿಂದ ಬದಿಯಿಂದಲೂ ಬಣ್ಣ ಕೆಡುವುದಿಲ್ಲ. ಆದರೆ ಎರಡರಲ್ಲೂ ಯಾವ ಕಿಟಕಿಯೂ ಪೂರ್ತಿ ಮುಚ್ಚುವುದಿಲ್ಲ. ಐಪಿಎಸ್‌ನಲ್ಲಿ ಬಿಳಿಯ ಸುಮಾರು ಸಾವಿರದಲ್ಲೊಂದು ಪಾಲು ಬೆಳಕು ಕಪ್ಪಿನಲ್ಲೂ ಸೋರುತ್ತದೆ. ವಿಎಯಲ್ಲಿ ಸೋರಿಕೆ ಅದರ ಮೂರನೇ ಒಂದು ಭಾಗ, ಕೆಲವೊಮ್ಮೆ ಇನ್ನೂ ಕಡಿಮೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವ ಮನೆಗೆ ವಿಎ ಒಳ್ಳೆಯದು. ಹಾಲಿನ ತುಂಬ ಜನ, ಅಜ್ಜಿ ಮೂಲೆಯ ಕುರ್ಚಿಯಲ್ಲಿ, ಮಕ್ಕಳು ನೆಲದ ಮೇಲೆ, ಅಡುಗೆಮನೆಯ ಬಾಗಿಲಿನಿಂದ ಇನ್ನೊಬ್ಬರು ಇಣುಕುವ ಮನೆಗೆ ಐಪಿಎಸ್ ಸರಿ. ಪೆಟ್ಟಿಗೆಯ ಮೇಲೆ ಇದನ್ನು ಬರೆಯುವುದು ಅಪರೂಪ. ಒಂದೇ ಮಾಡೆಲ್ಲಿನಲ್ಲಿ 43 ಇಂಚಿಗೆ ಒಂದು, 55 ಇಂಚಿಗೆ ಇನ್ನೊಂದು ಜಾತಿ ಇರುವುದೂ ಉಂಟು. ಅಂಗಡಿಯಲ್ಲಿ ಪರದೆಯ ಬದಿಗೆ ಸರಿದು ನಿಂತು ಮುಖದ ಬಣ್ಣ ಪೇಲವವಾಯಿತೇ ಎಂದು ನೋಡುವುದೇ ನಂಬಬಹುದಾದ ಪರೀಕ್ಷೆ.

ಸೋರುವ ಬೆಳಕನ್ನು ತಡೆಯುವ ಪ್ರಯತ್ನವೇ ಉಳಿದ ಕೆಲವು ಹೆಸರುಗಳ ಹಿಂದಿರುವುದು. ಹಿಂಬದಿಯ ದೀಪಗಳನ್ನು ಗುಂಪು ಗುಂಪಾಗಿ ಮಾಡಿ, ಚಿತ್ರ ಕಪ್ಪಾಗಿರುವ ಕಡೆ ದೀಪವನ್ನೇ ಮಂದ ಮಾಡಿದರೆ ಅದು ಲೋಕಲ್ ಡಿಮ್ಮಿಂಗ್. ದೀಪಗಳು ತೀರ ಚಿಕ್ಕವಾಗಿ, ಗುಂಪುಗಳು ನೂರಾರಾದರೆ ಮಿನಿ ಎಲ್‌ಇಡಿ. ಕ್ಯುಎಲ್‌ಇಡಿ ಬೇರೆಯದೇ ವಿಷಯ. ಅಲ್ಲಿ ನೀಲಿ ದೀಪದ ಮುಂದೆ ಕ್ವಾಂಟಮ್ ಚುಕ್ಕಿಗಳ ಹಾಳೆ ಇರುತ್ತದೆ. ನ್ಯಾನೊಮೀಟರ್ ಅಳತೆಯ ಆ ಕಣಗಳು ತಮ್ಮ ಗಾತ್ರಕ್ಕೆ ತಕ್ಕಂತೆ ಶುದ್ಧ ಕೆಂಪು, ಶುದ್ಧ ಹಸಿರು ಸೂಸುತ್ತವೆ. ಅವುಗಳ ಶೋಧಕ್ಕೆ 2023ರ ರಸಾಯನವಿಜ್ಞಾನದ ನೊಬೆಲ್ ಸಂದಿತು. ಬಣ್ಣ ನಿಜವಾಗಿಯೂ ಉತ್ತಮವಾಗುತ್ತದೆ, ಕಪ್ಪಿನ ಸಮಸ್ಯೆ ಮಾತ್ರ ಹಾಗೇ ಉಳಿಯುತ್ತದೆ.

ಕಪ್ಪಿಗೆ ಪೂರ್ತಿ ಪರಿಹಾರ ಒಎಲ್‌ಇಡಿ. 1987ರಲ್ಲಿ ಕೊಡ್ಯಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಪ್ರಕಟಿಸಿದ ಸಾಧನದಿಂದ ಬೆಳೆದ ತಂತ್ರ ಇದು. ಇದರಲ್ಲಿ ಹಿಂಬದಿಯ ದೀಪವೇ ಇಲ್ಲ, ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಬೇಡವಾದಾಗ ಪೂರ್ತಿ ಆರುತ್ತದೆ. ಕತ್ತಲ ಕೋಣೆಯಲ್ಲಿ ಇದರ ಚಿತ್ರಕ್ಕೆ ಸಾಟಿಯಿಲ್ಲ. ಆದರೆ ಬೆಳಗುವ ಸಾವಯವ ಪದರ ಉರಿದಷ್ಟೂ ಸವೆಯುತ್ತದೆ, ಒಂದೇ ಜಾಗದಲ್ಲಿ ಒಂದೇ ಚಿತ್ರ ನಿಂತರೆ ಅಲ್ಲಿ ಹೆಚ್ಚು ಸವೆದು ಗುರುತು ಉಳಿಯುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ಚಾನೆಲ್ ಹಾಕಿಟ್ಟಿರುವ ಮನೆಗಳು ನಮ್ಮಲ್ಲಿ ಬಹಳ. ಮೂಲೆಯ ಲಾಂಛನ, ಕೆಳಗಿನ ಕೆಂಪು ಪಟ್ಟಿ ಅಲ್ಲಾಡದೆ ನಿಂತಿರುವ ಅಂಥ ಮನೆಗೆ ಒಎಲ್‌ಇಡಿ ಬೇಡ ಎಂದೇ ನಾನು ಹೇಳುತ್ತೇನೆ, ಕೈಯಲ್ಲಿ ಎಷ್ಟೇ ಹಣವಿದ್ದರೂ. ಟಿವಿಯ ಎದುರಿಗೇ ಹೊರಬಾಗಿಲು ತೆರೆದುಕೊಳ್ಳುವ, ಹಗಲು ಬೆಳಕು ಸುರಿಯುವ ಹಾಲಿಗೂ ಪ್ರಖರವಾದ ಎಲ್‌ಸಿಡಿಯೇ ಮೇಲು.

ಗಾತ್ರದ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ದೊಡ್ಡದರ ಆಸೆ ಸಹಜ. ಇಲ್ಲಿ ಕಣ್ಣಿನ ಲೆಕ್ಕವೊಂದಿದೆ. ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಚಿಕ್ಕ ಕೋನದಲ್ಲಿರುವ ಎರಡು ಚುಕ್ಕಿಗಳನ್ನು ಸಾಮಾನ್ಯ ದೃಷ್ಟಿಯ ಕಣ್ಣು ಬೇರೆ ಬೇರೆಯಾಗಿ ಕಾಣಲಾರದು. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್. ಐದೂವರೆ ಅಡಿಗಿಂತ ಹಿಂದೆ ಕೂತರೆ ಅದು ಕಣ್ಣಿನ ಮಿತಿಯೊಳಗೆ ಕರಗಿಹೋಗುತ್ತದೆ. ಎಂಟು ಅಡಿ ದೂರದ ಸೋಫಾದಿಂದ 43 ಇಂಚಿನ ಫುಲ್ ಎಚ್‌ಡಿಯನ್ನೂ 4ಕೆಯನ್ನೂ ಚುಕ್ಕಿಗಳ ಆಧಾರದ ಮೇಲೆ ಬೇರೆಮಾಡಲು ಆಗುವುದಿಲ್ಲ. 55 ಇಂಚಿಗೆ ಈ ದೂರ ಸುಮಾರು ಏಳು ಅಡಿ. 4ಕೆಗೂ 8ಕೆಗೂ ಇರುವ ವ್ಯತ್ಯಾಸ ಕಾಣಬೇಕಾದರೆ 65 ಇಂಚಿನ ಪರದೆಯಿಂದ ಸುಮಾರು ನಾಲ್ಕು ಅಡಿಯೊಳಗೆ ಕೂರಬೇಕು. 8ಕೆಗೆ ಹಣ ಕೊಡುವ ಅಗತ್ಯ ಯಾವ ಮನೆಗೂ ನನಗೆ ಕಾಣುತ್ತಿಲ್ಲ.

ಚುಕ್ಕಿಗಳಿಗಿಂತ ಕಣ್ಣಿಗೆ ಹೆಚ್ಚು ತಟ್ಟುವುದು ಬೆಳಕಿನ ಏರಿಳಿತ. ಈ ಏರಿಳಿತವನ್ನು ಹಿಗ್ಗಿಸಿ ತೋರಿಸುವ ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ ಅಥವಾ ಅದಕ್ಕೂ ಹೆಚ್ಚಿನ ಪ್ರಖರತೆಗೆ ಸಿದ್ಧಪಡಿಸುತ್ತಾರೆ. ಅಗ್ಗದ 4ಕೆ ಟಿವಿ ಕೊಡಬಲ್ಲದ್ದು 250ರಿಂದ 300 ನಿಟ್. ಅದರ ಪೆಟ್ಟಿಗೆಯ ಮೇಲೂ ಎಚ್‌ಡಿಆರ್ ಎಂದಿರುತ್ತದೆ. ಸಂಕೇತವನ್ನು ಅದು ಓದುತ್ತದೆ ನಿಜ, ತೋರಿಸುವ ಶಕ್ತಿ ಅದಕ್ಕಿಲ್ಲ. ಕತ್ತಲೆಯ ದೃಶ್ಯಗಳು ಇನ್ನಷ್ಟು ಮಂಕಾಗುವುದು ಇದರಿಂದಲೇ. ಎಚ್‌ಡಿಆರ್ ಬೇಕೆಂದರೆ ಕನಿಷ್ಠ 600 ನಿಟ್ ಮತ್ತು ಲೋಕಲ್ ಡಿಮ್ಮಿಂಗ್ ಎರಡೂ ಇರುವುದನ್ನು ನೋಡಿ, ಇಲ್ಲವಾದರೆ ಆ ಪದವನ್ನು ಮರೆತುಬಿಡಿ. 120 ಹರ್ಟ್ಸ್ ಪರದೆ ಗೇಮ್ ಆಡುವವರಿಗೆ ಉಪಯುಕ್ತ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲೇ ಇದೆ. ನಡುವೆ ಇಲ್ಲದ ಚಿತ್ರಗಳನ್ನು ತಾನೇ ಹೆಣೆದು ಸೇರಿಸುವ ಮೋಷನ್ ಸ್ಮೂತಿಂಗ್ ಸೌಲಭ್ಯವನ್ನು ಸಿನಿಮಾ ನೋಡುವಾಗ ಆರಿಸಬೇಕು. ಇದನ್ನೆಲ್ಲ ಒಂದೇ ಗುಂಡಿಯಲ್ಲಿ ಆರಿಸಲೆಂದೇ 2019ರಲ್ಲಿ ಯುಎಚ್‌ಡಿ ಅಲಯನ್ಸ್ ಒಕ್ಕೂಟ ಫಿಲ್ಮ್‌ಮೇಕರ್ ಮೋಡ್ ತಂದಿತು.

ಧ್ವನಿಯ ವಿಷಯ ಚಿಕ್ಕದು. ತೆಳ್ಳಗಿನ ಟಿವಿಯೊಳಗೆ ಗಾಳಿಯನ್ನು ತಳ್ಳುವಷ್ಟು ದೊಡ್ಡ ಸ್ಪೀಕರಿಗೆ ಜಾಗವಿಲ್ಲ, ಮೃದಂಗವೂ ಚೆಂಡೆಯೂ ಸೊರಗುತ್ತವೆ. ಎಚ್‌ಡಿಎಂಐ ಇಎಆರ್‌ಸಿ ಕಿಂಡಿ ಇದ್ದರೆ ಮುಂದೊಂದು ದಿನ ಸೌಂಡ್‌ಬಾರ್ ಸುಲಭವಾಗಿ ಸೇರಿಸಬಹುದು.

ಇನ್ನು ಎರಡನೆಯ ಯಂತ್ರ. ಅಗ್ಗದ ಸ್ಮಾರ್ಟ್ ಟಿವಿಯಲ್ಲಿ 1 ಜಿಬಿ ರ‍್ಯಾಮ್, 8 ಜಿಬಿ ಸಂಗ್ರಹ ಇರುತ್ತದೆ, ಅದರಲ್ಲಿ ದೊಡ್ಡ ಪಾಲನ್ನು ವ್ಯವಸ್ಥೆಯೇ ನುಂಗುತ್ತದೆ. ಆ್ಯಪ್‌ಗಳು ವರ್ಷ ವರ್ಷ ದಪ್ಪವಾಗುತ್ತವೆ. ರಿಮೋಟ್ ಒತ್ತಿದ ಎಷ್ಟೋ ಹೊತ್ತಿಗೆ ಟಿವಿ ಓಗೊಡುವುದು ಶುರುವಾಗುತ್ತದೆ. ಕೊನೆಗೆ ಕಂಪನಿ ಅಪ್‌ಡೇಟ್ ನಿಲ್ಲಿಸುತ್ತದೆ, ಕೆಲವು ಆ್ಯಪ್‌ಗಳು ತೆರೆಯುವುದೇ ಇಲ್ಲ. ಪರದೆ ಆಗಲೂ ಹೊಸದರಂತೆಯೇ ಇರುತ್ತದೆ. ಅಂಥ ಟಿವಿಯನ್ನು ಗುಜರಿಗೆ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಕೆಲವು ಸಾವಿರ ರೂಪಾಯಿಯ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ ಅದು ಮತ್ತೆ ಐದು ವರ್ಷ ನಡೆಯುತ್ತದೆ. ಹೊಸದನ್ನು ಕೊಳ್ಳುವಾಗ 2 ಜಿಬಿ ರ‍್ಯಾಮ್ ಇರಲಿ, 5 ಗಿಗಾಹರ್ಟ್ಸ್ ವೈಫೈ ಇರಲಿ. ಮನೆಯವರು ನೋಡುವ ಆ್ಯಪ್‌ಗಳಿಗೆ ಆ ಟಿವಿಯಲ್ಲಿ ಜಾಗವಿದೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಿ. ಕಲರ್ಸ್ ಕನ್ನಡಕ್ಕೆ ಜಿಯೊಹಾಟ್‌ಸ್ಟಾರ್, ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್. ಎಸ್‌ಡಿ ಪ್ಯಾಕಿನಲ್ಲಿ ಮಸುಕಾಗಿ ಬರುವ ಧಾರಾವಾಹಿ ಇಂಥ ಆ್ಯಪ್‌ನಲ್ಲಿ ಫುಲ್ ಎಚ್‌ಡಿಯಾಗಿ ಸಿಕ್ಕರೆ ಟಿವಿ ಊಹಿಸಬೇಕಾದ್ದು 20ರಲ್ಲಿ 19 ಅಲ್ಲ, ನಾಲ್ಕರಲ್ಲಿ ಮೂರು ಮಾತ್ರ.

ಈ ಕಂಪ್ಯೂಟರಿಗೆ ಇನ್ನೊಂದು ಕೆಲಸವನ್ನೂ ಹಚ್ಚಿರುತ್ತಾರೆ, ಅದು ಕೊಳ್ಳುವವರಿಗೆ ತಿಳಿದಿರಲೇಬೇಕು. ಎಸಿಆರ್ ಎಂಬ ತಂತ್ರದಲ್ಲಿ ಟಿವಿ ತನ್ನದೇ ಪರದೆಯ ಚಿತ್ರದಿಂದ ಆಗಾಗ ಒಂದಿಷ್ಟು ಚುಕ್ಕಿಗಳನ್ನು ಆರಿಸಿಕೊಂಡು ಬೆರಳಚ್ಚಿನಂಥ ಸಂಕೇತ ಮಾಡಿ ಕಂಪನಿಯ ಸರ್ವರಿಗೆ ಕಳಿಸುತ್ತದೆ. ಅಲ್ಲಿನ ಭಂಡಾರದ ಜೊತೆ ಹೋಲಿಸಿದರೆ ಈ ಮನೆಯಲ್ಲಿ ಯಾವ ಕಾರ್ಯಕ್ರಮ, ಯಾವ ಜಾಹೀರಾತು, ಎಷ್ಟು ಹೊತ್ತು ಓಡಿತು ಎಂಬುದು ತಿಳಿಯುತ್ತದೆ. ಕೇಬಲ್ ಇರಲಿ, ಹೊರಗಿನ ಪೆಟ್ಟಿಗೆ ಇರಲಿ, ಪರದೆಯ ಮೇಲೆ ಬಂದದ್ದು ಇದರ ಕೈಗೆ ಸಿಗಬಹುದು. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಒಪ್ಪಿಗೆಯಿಲ್ಲದೆ ಮಾಹಿತಿ ಕೂಡಿಸಿತು ಎಂಬ ಆರೋಪದ ಮೇಲೆ 2017ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದೊಂದಿಗೆ 22 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಟಿವಿಯನ್ನು ಮೊದಲ ಸಲ ಚಾಲೂ ಮಾಡುವಾಗ ಒಂದರ ಹಿಂದೊಂದು ಬರುವ ಪುಟಗಳಿಗೆಲ್ಲ 'ಒಪ್ಪಿದೆ' ಒತ್ತುವ ಅವಸರ ಬೇಡ. ಅಳವಡಿಸಲು ಬಂದ ಹುಡುಗ ಹೊರಟ ಮೇಲಾದರೂ ಸೆಟ್ಟಿಂಗ್ಸ್ ತೆರೆದು, ಖಾಸಗಿತನದ ವಿಭಾಗದಲ್ಲಿ ವೀಕ್ಷಣಾ ಮಾಹಿತಿ, ಜಾಹೀರಾತು ಎಂಬ ಹೆಸರಿನ ಗುಂಡಿಗಳನ್ನು ಹುಡುಕಿ ಆರಿಸಿ. ಅದರಿಂದ ಚಿತ್ರ ಕೆಡುವುದಿಲ್ಲ, ಧಾರಾವಾಹಿಯೂ ಸಿನಿಮಾವೂ ಮೊದಲಿನಂತೆಯೇ ಬರುತ್ತವೆ.