ಹಲ್ಲು ನಾಟಿಸಿಕೊಂಡು ಮನೆಗೆ ಬಂದ ಮೇಲೆ

ಹಲ್ಲು ಹೋದ ಎಡೆಯಲ್ಲಿ ಟೈಟಾನಿಯಂ ಲೋಹದ ಪುಟ್ಟ ತಿರುಪೊಂದನ್ನು ದವಡೆಯ ಎಲುಬಿನೊಳಕ್ಕೆ ಕೂರಿಸಿ, ಅದರ ಮೇಲೆ ಕೃತಕ ದಂತವನ್ನು ನಿಲ್ಲಿಸುವ ಇಂಪ್ಲಾಂಟ್ ವಿದ್ಯೆಯು ಇಂದು ನಮ್ಮ ಜಿಲ್ಲಾ ಪಟ್ಟಣಗಳ ದಂತವೈದ್ಯಶಾಲೆಗಳವರೆಗೂ ಬಂದಿರುವುದರಿಂದ, ಮರಗಟ್ಟಿದ ಕೆನ್ನೆಯನ್ನು ಕರವಸ್ತ್ರದಿಂದ ಮುಚ್ಚಿಕೊಂಡು ಮನೆಗೆ ಮರಳುವವರು ಈಗ ಅಪರೂಪವಲ್ಲ. ಒಂದು ಹಲ್ಲಿನ ಮಾತಾದರೆ ಶಸ್ತ್ರಕ್ರಿಯೆಯು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಅನಂತರದ ತಿಂಗಳುಗಳ ಹೊಣೆ ರೋಗಿಯದು. ಆದರೆ ನೋವು ಅಡಗಿದ ದಿನವೇ ಗಾಯವೂ ಮಾಗಿತೆಂದು ಭಾವಿಸುವವರೇ ನಮ್ಮಲ್ಲಿ ಹೆಚ್ಚು.

ಮೊದಲ ದಿನದ ಕರ್ತವ್ಯವೆಲ್ಲ ರಕ್ತದ ಹೆಪ್ಪನ್ನು ಕಾಪಾಡುವುದರಲ್ಲಿದೆ. ವೈದ್ಯರು ಇರಿಸಿದ ಹತ್ತಿಬಟ್ಟೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಚ್ಚಿಹಿಡಿದು, ಆಮೇಲೆ ತೆಗೆದು, ಮತ್ತೆ ಮತ್ತೆ ಕನ್ನಡಿಯ ಮುಂದೆ ತುಟಿಯೆತ್ತಿ ನೋಡದೆ ಇದ್ದುಬಿಡುವುದು ಲೇಸು. ಎಂಜಲು ಕೆಂಪಾಗಿ ಕಂಡಿತೆಂದು ಉಗುಳುತ್ತ ಕೂರಬಾರದು, ಎಳನೀರನ್ನು ಕೊಳವೆಯಿಂದ ಹೀರಬಾರದು, 24 ಗಂಟೆ ಕಳೆಯುವವರೆಗೆ ಬಾಯಿ ಮುಕ್ಕಳಿಸಲೂ ಕೂಡದು; ಇವುಗಳ ಸೆಳೆತಕ್ಕೆ ಹೆಪ್ಪು ಕಿತ್ತುಬಂದರೆ ರಕ್ತ ಮತ್ತೆ ಒಸರತೊಡಗುತ್ತದೆ.

ಊತದ ವಿಷಯದಲ್ಲಿ ವೈದ್ಯರಿಗೂ ಮನೆಯ ಹಿರಿಯರಿಗೂ ಅಭಿಪ್ರಾಯಭೇದ ಬರುವುದುಂಟು. “ಉಪ್ಪಿನ ಗಂಟು ಕಾಯಿಸಿ ಶಾಖ ಕೊಡ್ತೀನಿ ಬಾ ಮಗಾ, ಬಾವು ಇಳಿಯುತ್ತೆ” ಎಂದು ಅಜ್ಜಿ ಕರೆಯುವುದು ವಾತ್ಸಲ್ಯದಿಂದಲೇ ಆದರೂ, ಆರಂಭದ ಒಂದೆರಡು ದಿನಗಳಲ್ಲಿ ಬೇಕಾದುದು ಬಿಸಿಯಲ್ಲ, ತಂಪು. ಮಂಜುಗಡ್ಡೆಯ ಚೂರುಗಳನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗಡೆ 20 ನಿಮಿಷ ಹಿಡಿದು, ಅಷ್ಟೇ ಹೊತ್ತು ಬಿಟ್ಟು, ಪುನಃ ಹಿಡಿಯತಕ್ಕದ್ದು. ರಾತ್ರಿ ತಲೆಗೆ ಇನ್ನೊಂದು ದಿಂಬು ಬೇಕು. ಇಷ್ಟೆಲ್ಲ ಮಾಡಿಯೂ ಎರಡನೆಯ ಅಥವಾ ಮೂರನೆಯ ದಿನ ಮುಖ ಮೊದಲಿಗಿಂತ ದಪ್ಪಗಾಗಿ ಕಂಡರೆ ಗಾಬರಿಯಾಗಬೇಕಾಗಿಲ್ಲ, ಊತವು ತುದಿಮುಟ್ಟುವ ಕಾಲವೇ ಅದು. ಶಸ್ತ್ರಕ್ರಿಯೆಯ ಮರುದಿನದಿಂದ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಬಾಯಲ್ಲಿ ಮೆಲ್ಲಗೆ ಆಡಿಸಬಹುದು. ಲವಂಗದೆಣ್ಣೆ, ಅರಿಸಿನ, ಸುಣ್ಣ ಮುಂತಾದ ಮನೆಮದ್ದುಗಳನ್ನು ಹೊಲಿಗೆಯ ಮೇಲೆ ಸವರುವುದಂತೂ ಸಲ್ಲದು.

ಊಟದ ಮಟ್ಟಿಗೆ ನಮ್ಮ ಅಡಿಗೆಮನೆಯು ಈ ರೋಗಿಗೆ ಬಹಳ ಅನುಕೂಲವಾದುದು. ಆರಿದ ರಾಗಿ ಅಂಬಲಿ, ನುಣ್ಣಗೆ ಬೆಂದ ಹೆಸರುಬೇಳೆಯ ಗಂಜಿ, ಹಾಲಿನಲ್ಲಿ ನೆನೆಸಿದ ಇಡ್ಲಿ ಇವಕ್ಕೆ ಹಲ್ಲಿನ ಹಂಗಿಲ್ಲ. ಇನ್ನು ಮುದ್ದೆಯೋ, ಹುಟ್ಟಿನಿಂದಲೇ ಅಗಿಯುವ ಅನ್ನವಲ್ಲ, ನುಂಗುವ ಅನ್ನ. ಅಂಜಬೇಕಾದುದು ಗಟ್ಟಿ ಪದಾರ್ಥಕ್ಕೆ ಮಾತ್ರವಲ್ಲ, ಸಣ್ಣ ಕಾಳಿಗೂ. ಮಿದುವಾದ ಮೊಸರನ್ನವನ್ನೇ ಕೊಟ್ಟೆವೆಂಬ ನೆಮ್ಮದಿಯಲ್ಲಿ ಅದಕ್ಕೆ ಒಗ್ಗರಣೆ ಹಾಕಿದರೆ, ಒಂದು ಸಾಸಿವೆಕಾಳು ಹೊಲಿಗೆಯ ನೂಲಿನ ಸಂದಿಗೆ ಸೇರಿ, ಬೆರಳಿಗೂ ನಾಲಗೆಗೂ ಎಟುಕದೆ ಇಡೀ ದಿನ ಪೀಡಿಸಬಲ್ಲದು. ಚಕ್ಕುಲಿ, ನಿಪ್ಪಟ್ಟುಗಳ ಮಾತನ್ನು ಹಬ್ಬ ಬಂದರೂ ಎತ್ತಬಾರದು. ಎಲೆಯಡಿಕೆ, ಹೊಗೆಸೊಪ್ಪು, ಬೀಡಿ, ಸಿಗರೇಟುಗಳನ್ನು ಬಿಡಲೇಬೇಕು. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸಿ, ಮಾಗುವ ಗಾಯಕ್ಕೆ ರಕ್ತವೇ ಸಾಲದಂತೆ ಮಾಡುತ್ತದೆ.

ವಾರದಿಂದ ಹತ್ತು ದಿನಗಳಲ್ಲಿ ಹೊಲಿಗೆ ಬಿಚ್ಚುತ್ತಾರೆ, ರೋಗಿ ಮೊದಲಿನಂತಾಗುತ್ತಾನೆ. ನನಗೆ ತೋರುವಂತೆ ಎಚ್ಚರ ಹೆಚ್ಚಾಗಬೇಕಾದುದು ಆ ಮೇಲೆಯೇ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲೆಲುಬಿನೊಳಗಿನ ರಕ್ತಸಂಚಾರವನ್ನು ನೋಡಲೆಂದು ಕೂರಿಸಿದ್ದ ಟೈಟಾನಿಯಂ ಸಾಧನವನ್ನು ಪ್ರಯೋಗಾನಂತರ ತೆಗೆಯಹೋದಾಗ ಅದು ಎಲುಬಿನೊಡನೆ ಬೆಸೆದುಕೊಂಡು ಬಾರದೆ ಹೋಯಿತು. 1965ರಲ್ಲಿ ಮನುಷ್ಯನ ದವಡೆಯಲ್ಲಿ ಅವರು ಮೊದಲ ಬಾರಿಗೆ ಹಲ್ಲು ನಿಲ್ಲಿಸಿದುದು ಆ ಬೆಸುಗೆಯನ್ನು ನಂಬಿಯೇ. ಆದರೆ ಬೆಸುಗೆ ಕೂಡಲೆ ಆಗತಕ್ಕದ್ದಲ್ಲ. ಮೊದಲು ತಿರುಪನ್ನು ಹಿಡಿದಿರುವುದು ಕೇವಲ ಬಿಗಿತ. ಕೊರೆತದಿಂದ ನೊಂದ ಹಳೆಯ ಎಲುಬನ್ನು ಶರೀರವು ಕರಗಿಸುತ್ತ, ಹೊಸದನ್ನು ಕಟ್ಟುತ್ತ ಬರುವಾಗ, ಸುಮಾರು ಮೂರು ನಾಲ್ಕನೆಯ ವಾರದಲ್ಲಿ, ಹಳೆಯ ಹಿಡಿತ ಸಡಿಲಿ ಹೊಸ ಹಿಡಿತ ಇನ್ನೂ ಪೂರ್ಣವಾಗದ ಅವಧಿಯೊಂದು ಬರುತ್ತದೆ. ರೋಗಿಗೆ ನೋವಿಲ್ಲ, ಹಸಿವಿದೆ, ಕೈಗೆಟುಕುವಲ್ಲಿ ಕೋಡುಬಳೆಯ ಡಬ್ಬಿಯೂ ಇದೆ! ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚಾದ ಅಲುಗಾಟವು ಮರುಕಳಿಸುತ್ತಿದ್ದರೆ, ಲೋಹದ ಸುತ್ತ ಎಲುಬಿಗೆ ಬದಲಾಗಿ ಮೆತ್ತನೆಯ ನಾರಿನ ಪದರ ಬೆಳೆದು ತಿರುಪು ಸಡಿಲವಾಗುತ್ತದೆ. ಹಳೆಯ ಕಟ್ಟುಹಲ್ಲನ್ನು ಕೇಳದೆ ಹಾಕಿಕೊಂಡು ಅದರ ಮೇಲೆ ಒತ್ತುವುದೂ ಇಂಥದೇ ಪ್ರಮಾದ. ಬೆಸುಗೆ ಪೂರ್ಣವಾಗಲು ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳೂ, ಎಲುಬು ಮಿದುವಾದ ಮೇಲ್ದವಡೆಗೆ ನಾಲ್ಕರಿಂದ ಆರು ತಿಂಗಳೂ ಬೇಕು.

ಮೂರು ದಿನ ಕಳೆದರೂ ಊತ ಏರುತ್ತಲೇ ಇದ್ದರೆ, ಜ್ವರ ಬಂದರೆ, ಕೀವು ಕಂಡರೆ, ಮರವು ಬಿಡಬೇಕಾದ ಹೊತ್ತು ಮೀರಿಯೂ ಕೆಳದುಟಿಗೆ ಸ್ಪರ್ಶವೇ ತಿಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು. ಮೇಲಿನ ದವಡೆಹಲ್ಲು ನಾಟಿಸಿಕೊಂಡವರು ಮೂಗನ್ನು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಅಲ್ಲಿ ಎಲುಬಿನ ಮೇಲೆಯೇ ಗಾಳಿಯ ಗೂಡಿದೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ.

ಎಲ್ಲವೂ ನೆಟ್ಟಗಾಗಿ ಹೊಸ ಹಲ್ಲು ಕೂತಿತೆನ್ನಿ. ಹುಟ್ಟುಹಲ್ಲಿಗೂ ಎಲುಬಿಗೂ ನಡುವೆ ಸೂಕ್ಷ್ಮ ತಂತುಗಳ ಪದರವೊಂದಿದ್ದು, ಅನ್ನದಲ್ಲಿ ಅಡಗಿದ ಸಣ್ಣ ಕಲ್ಲನ್ನೂ ಒಡನೆಯೇ ಅರಿಯುತ್ತದೆ. ಲೋಹದ ಬೇರಿಗೆ ಆ ಪದರವಿಲ್ಲವಾದುದರಿಂದ ಒತ್ತಡದ ಅರಿವು ಅಷ್ಟು ಚುರುಕಲ್ಲ. ಅದಕ್ಕಾಗಿಯೇ ವೈದ್ಯರು ಅಂದು ಬಣ್ಣದ ಕಾಗದವನ್ನು ಕಚ್ಚಿಸಿ, ಗುರುತು ಬಿದ್ದ ಕಡೆ ಉಜ್ಜಿ, ಮತ್ತೆ ಕಚ್ಚಿಸುತ್ತಾರೆ. ಹಲ್ಲು ಕೂದಲೆಳೆಯಷ್ಟು ಎತ್ತರವೆನಿಸಿದರೂ ಸಂಕೋಚಪಡದೆ ಹೇಳಿ, ಇನ್ನೊಮ್ಮೆ ಉಜ್ಜಿಸಿಕೊಂಡೇ ಕುರ್ಚಿಯಿಂದ ಏಳಬೇಕು.