ಹೊಟ್ಟೆ ಚಿಕ್ಕದಾದ ಮೇಲೆ ಓಟ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಮೂರು-ನಾಲ್ಕನೇ ತಿಂಗಳಲ್ಲಿ ಒಂದು ಹುರುಪು ಬರುತ್ತದೆ. ಎರಡು ಮಹಡಿ ಹತ್ತಿದರೂ ಏದುಸಿರಿಲ್ಲ. ಹೊರಟ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದರೆ, ಅರೆ, ನನಗೂ ಓಡಲು ಬರುತ್ತದಲ್ಲ ಅನ್ನಿಸುತ್ತದೆ. ಶಾಲೆಯ ಡ್ರಿಲ್ ಪೀರಿಯಡ್ ಮುಗಿದ ಮೇಲೆ ಓಡಿಯೇ ಇಲ್ಲದವರು ಮಾರನೆಯ ದಿನವೇ ಮೈದಾನಕ್ಕೆ ಇಳಿಯುತ್ತಾರೆ. ಇಳಿಯಲಿ, ಒಳ್ಳೆಯದೇ. ಆದರೆ ಆ ಹುರುಪು ಉಸಿರಿನದು. ಎದೆ ಹಗುರಾದಷ್ಟು ಬೇಗ ಮೂಳೆ, ಸ್ನಾಯು, ರಕ್ತ ಸಿದ್ಧವಾಗಿರುವುದಿಲ್ಲ. ಕೆಲವು ವಿಷಯದಲ್ಲಿ ಅವು ಮೊದಲಿಗಿಂತ ಬಡವಾಗಿರುತ್ತವೆ. ಹೊಸ ಓಟಗಾರರ ಬಹುಪಾಲು ತೊಂದರೆ ಹುಟ್ಟುವುದು ಈ ಅಂತರದಲ್ಲಿ.

ಆಪರೇಷನ್‌ನಲ್ಲಿ ಏನಾಗಿದೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಸ್ಲೀವ್ ಮತ್ತು ಬೈಪಾಸ್. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ತೆಗೆದು, ಉಳಿದದ್ದನ್ನು ಕಿರಿದಾದ ಕೊಳವೆಯಾಗಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಸ್ರವಿಸುವ ಭಾಗವೂ ಅದರ ಜೊತೆ ಹೋಗುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಚೆನ್ನಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ಆದವರ ಊಟ ಆ ದಾರಿಯನ್ನೇ ತುಳಿಯುವುದಿಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ಒಮ್ಮೆಗೇ ಲೋಟ ನೀರು ಕುಡಿಯಲಾಗದು, ಹೊಟ್ಟೆ ತುಂಬ ತಿಂದು ಶಕ್ತಿ ಕೂಡಿಡಲಾಗದು. ಇಳಿದ ತೂಕವೆಲ್ಲ ಕೊಬ್ಬೂ ಅಲ್ಲ, ಅದರಲ್ಲಿ ಸ್ನಾಯುವಿನ ಪಾಲೂ ಇದೆ.

ಹಾಗಾದರೆ ಯಾವಾಗ ಶುರು ಮಾಡಬೇಕು? ನಡಿಗೆಗೆ ಮುಹೂರ್ತ ಬೇಕಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಆಸ್ಪತ್ರೆಯಲ್ಲೇ, ಆಪರೇಷನ್ ಆದ ದಿನ ಅಥವಾ ಮಾರನೆಯ ದಿನ ನಡೆಸುತ್ತಾರೆ. ಹೊಟ್ಟೆಯ ಮೇಲಿನ ಸಣ್ಣ ತೂತುಗಳು ಬೇಗ ಮಾಯ್ದರೂ ಒಳಗಿನ ಹೊಲಿಗೆಗೆ ಸಮಯ ಬೇಕು. ಅದಕ್ಕೇ 4ರಿಂದ 6 ವಾರ ಭಾರ ಎತ್ತಬೇಡಿ, ಹೊಟ್ಟೆಗೆ ಒತ್ತಡ ಕೊಡುವ ವ್ಯಾಯಾಮ ಬೇಡ ಎನ್ನುತ್ತಾರೆ. ಓಟಕ್ಕೆ ಶಸ್ತ್ರಚಿಕಿತ್ಸಕರ ಒಪ್ಪಿಗೆ ಬೇಕೇ ಬೇಕು. ನನ್ನನ್ನು ಕೇಳಿದರೆ, ಒಪ್ಪಿಗೆ ಬೇಗ ಸಿಕ್ಕರೂ ಮೂರು ತಿಂಗಳಿಗೆ ಮುಂಚೆ ಓಟದ ಮಾತು ಬೇಡ. ಗಟ್ಟಿ ಆಹಾರಕ್ಕೆ ಹೊಟ್ಟೆ ಒಗ್ಗಿಕೊಂಡು, ದಿನದ ಪ್ರೋಟೀನ್ ಗುರಿ ಮುಟ್ಟುವಷ್ಟು ತಿನ್ನಲು ಸಾಧ್ಯವಾಗುವುದೇ ಆ ಹೊತ್ತಿಗೆ. ಕ್ಯಾಲೆಂಡರಿಗಿಂತ ನಂಬಬಹುದಾದ ಪರೀಕ್ಷೆ ಬೇರೆ ಇದೆ. ವಾರದಲ್ಲಿ ಐದು ದಿನ, 40 ನಿಮಿಷ ಬಿರುಸಾಗಿ ನಡೆದರೂ ತಲೆ ಸುತ್ತಬಾರದು, ಮಂಡಿ ಮಾರನೆಯ ದಿನ ದೂರಬಾರದು. ಗೋಡೆ ಹಿಡಿದು ಒಂಟಿ ಕಾಲಲ್ಲಿ ಹಿಮ್ಮಡಿಯನ್ನು 15-20 ಸಲ ಎತ್ತಿ ಇಳಿಸಲು ಬರಬೇಕು. ಇಷ್ಟು ಆಗದಿದ್ದರೆ ಇನ್ನೊಂದು ತಿಂಗಳು ನಡೆಯಿರಿ, ಏನೂ ಕೊಳ್ಳೆ ಹೋಗುವುದಿಲ್ಲ.

ಮಂಡಿಯ ಬಗ್ಗೆ ಎಲ್ಲರಿಗೂ ಹೆದರಿಕೆ, ಆದ್ದರಿಂದ ಒಂದು ಲೆಕ್ಕ. ಓಡುವಾಗ ಪ್ರತಿ ಹೆಜ್ಜೆ ನೆಲಕ್ಕೆ ತಾಗಿದಾಗ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. 130 ಕಿಲೋದಿಂದ 95ಕ್ಕೆ ಇಳಿದವರು ಹಗುರಾಗಿದ್ದಾರೆ, ನಿಜ. ಆದರೂ ಓಡುವಾಗ ಒಂದೊಂದು ಹೆಜ್ಜೆಗೂ 190ರಿಂದ 285 ಕಿಲೋದ ಹೊಡೆತವಿದೆ, ನಿಮಿಷಕ್ಕೆ 150ಕ್ಕೂ ಹೆಚ್ಚು ಹೆಜ್ಜೆಗಳಿವೆ. ಇನ್ನೊಂದು ಕಡೆ ಒಳ್ಳೆಯ ಸುದ್ದಿಯೂ ಇದೆ. ಮಂಡಿ ಸವೆದಿದ್ದ ದಪ್ಪಗಿನ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಕಿಲೋ ತೂಕ ಇಳಿದರೆ ನಡಿಗೆಯ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಅಂದರೆ ಕಾಯುತ್ತ ನಡೆದಷ್ಟೂ ಓಟ ತಾನಾಗಿ ಸುಲಭವಾಗುತ್ತ ಹೋಗುತ್ತದೆ. ಅವಸರ ಪಡುವುದಕ್ಕೆ ಕಾರಣವೇ ಇಲ್ಲ.

ಶುರು ಮಾಡುವ ಕ್ರಮಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ಐವತ್ತು ದಾಟಿದ ತನ್ನ ಅಮ್ಮನನ್ನು ಓಡಿಸಲೆಂದು ‘ಕೌಚ್ ಟು 5ಕೆ’ ಎಂಬ ಒಂಬತ್ತು ವಾರದ ಪಾಠಪಟ್ಟಿ ಬರೆದ. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ 20 ನಿಮಿಷ. ಈಗ ಇದಕ್ಕೆ ಫೋನಿನಲ್ಲಿ ಉಚಿತ ಆ್ಯಪ್‌ಗಳಿವೆ. ಆದರೆ ಆ ಅಮ್ಮನಿಗೆ ಇಡೀ ಹೊಟ್ಟೆ ಇತ್ತು ಎಂಬುದನ್ನು ಮರೆಯಬೇಡಿ. ಸರ್ಜರಿ ಆದವರು ಪಟ್ಟಿಯ ಪ್ರತಿ ವಾರವನ್ನೂ ಎರಡು ಸಲ ಮಾಡುವುದು ಒಳ್ಳೆಯದು. ಒಂಬತ್ತು ವಾರ ಹದಿನೆಂಟಾಗಲಿ. ಐದನೇ ವಾರದ ಕೊನೆಗೆ ಪಟ್ಟಿ ಇದ್ದಕ್ಕಿದ್ದಂತೆ 20 ನಿಮಿಷ ನಿಲ್ಲದೆ ಓಡಿ ಎನ್ನುತ್ತದೆ. ಬಹಳ ಜನ ಕೈಬಿಡುವುದು ಅಲ್ಲೇ. ಅಲ್ಲಿಗೆ ಬಂದಾಗ ಪಟ್ಟಿಯನ್ನು ಬದಿಗಿಟ್ಟು, ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆಯಲ್ಲೇ ಮುಂದುವರಿದರೂ ಕಳೆದುಕೊಳ್ಳುವುದು ಏನೂ ಇಲ್ಲ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಜೆಫ್ ಗ್ಯಾಲೊವೇ ದಶಕಗಟ್ಟಲೆ ಕಲಿಸಿದ್ದು ಇದನ್ನೇ: ಓಟದ ನಡುವೆ ನಡೆಯುವುದು ಸೋಲಲ್ಲ, ಅದೇ ಒಂದು ವಿಧಾನ. ಹಾಗೆ ನಡೆದು-ಓಡಿ ಮ್ಯಾರಥಾನ್ ಮುಗಿಸಿದವರಿದ್ದಾರೆ.

ವೇಗ ಎಷ್ಟಿರಬೇಕು? ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು. ಕೈಗಡಿಯಾರ ತೋರಿಸುವ ನಾಡಿಬಡಿತವನ್ನು ಪೂರಾ ನಂಬಬೇಡಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ನಾಡಿ ಏರಬೇಕಾದಷ್ಟು ಏರುವುದಿಲ್ಲ. ಬಿಪಿ ಮಾತ್ರೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು: ತೂಕ ಇಳಿದಂತೆ ಬಿಪಿಯೂ ಸಕ್ಕರೆಯೂ ಇಳಿಯುತ್ತವೆ. ಹಳೆಯ ಪ್ರಮಾಣದಲ್ಲೇ ಮಾತ್ರೆ ನುಂಗಿ ಓಡಿದರೆ ಕಣ್ಣು ಕತ್ತಲೆ ಬಂದು ಬೀಳಬಹುದು. ಓಟಕ್ಕೆ ಮೊದಲು ವೈದ್ಯರಿಂದ ಪ್ರಮಾಣ ಸರಿಮಾಡಿಸಿಕೊಳ್ಳಿ.

ಈಗ ಊಟಕ್ಕೆ ಬರೋಣ. ಕಷ್ಟವಿರುವುದು ಕಾಲಿಗಿಂತ ಇಲ್ಲೇ. ದಿನಕ್ಕೆ ಕನಿಷ್ಠ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7, ನೂರು ಗ್ರಾಂ ಪನೀರಿನಲ್ಲಿ 18ರ ಆಸುಪಾಸು. ಬಟ್ಟಲು ತಿಳಿಸಾರಿನಲ್ಲಿ ಲೆಕ್ಕಕ್ಕೆ ಸಿಗುವಷ್ಟೂ ಇರುವುದಿಲ್ಲ. ನಮ್ಮ ತಟ್ಟೆಯಲ್ಲಿ ಅನ್ನವೋ ಮುದ್ದೆಯೋ ನಡುವೆ ಕೂತು, ಕಾಳುಪಲ್ಯ ಅಂಚಿಗೆ ಸರಿದಿರುತ್ತದೆ. ಇನ್ನು ಮೇಲೆ ಆ ಕ್ರಮ ತಲೆಕೆಳಗಾಗಬೇಕು. ಮೊದಲು ಮೊಟ್ಟೆ, ಮೀನು, ಕೋಳಿ, ಪನೀರು ಅಥವಾ ಮೊಳಕೆಕಾಳಿನ ಉಸಲಿ. ಜಾಗ ಉಳಿದರೆ ತರಕಾರಿ. ಕೊನೆಗೆ ಎರಡು ತುತ್ತು ಅನ್ನ. ಸಸ್ಯಾಹಾರಿಗಳಿಗೆ ಬರೀ ಊಟದಿಂದ ಗುರಿ ಮುಟ್ಟುವುದು ಕಷ್ಟ, ವೇ ಪ್ರೋಟೀನ್ ಪುಡಿಗೆ ಸಂಕೋಚ ಪಡಬೇಕಾಗಿಲ್ಲ. ಸಾಕಷ್ಟು ಪ್ರೋಟೀನ್ ಇಲ್ಲದೆ ಓಡಿದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಆಗ ತೂಕದ ಯಂತ್ರದ ಮುಳ್ಳು ಇಳಿದರೂ ಅದು ಹಿಗ್ಗಬೇಕಾದ ಇಳಿಕೆಯಲ್ಲ.

ಓಡುವ ಮುನ್ನ ಏನು ತಿನ್ನಬೇಕು ಎಂಬುದಕ್ಕೆ ಉತ್ತರ ಸರಳ. ಅರ್ಧ ಗಂಟೆಯ ಓಡು-ನಡಿಗೆಗೆ ವಿಶೇಷವಾಗಿ ಏನೂ ಬೇಡ. ಹಸಿದು ಹೋದರೆ ಆಗದು ಎನ್ನುವವರು ಗಂಟೆ ಮೊದಲು ಅರ್ಧ ಬಾಳೆಹಣ್ಣೋ ಒಂದು ಸಣ್ಣ ಇಡ್ಲಿಯೋ ತಿಂದರೆ ಸಾಕು. ಸಕ್ಕರೆಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಖಾಲಿ ಹೊಟ್ಟೆಯಲ್ಲಿ ಓಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಎಲ್ಲರೂ ದೂರ ಇಡಬೇಕಾದದ್ದು ಓಟಗಾರರ ಜೆಲ್, ಬಣ್ಣದ ಸ್ಪೋರ್ಟ್ಸ್ ಡ್ರಿಂಕ್, ಹಣ್ಣಿನ ರಸ. ಬೈಪಾಸ್ ಆದವರಲ್ಲಿ ವಿಶೇಷವಾಗಿ, ಇಷ್ಟು ಸಕ್ಕರೆ ಒಮ್ಮೆಗೇ ಕರುಳಿಗೆ ಇಳಿದರೆ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೊಟ್ಟೆ ನುಲಿತ, ಭೇದಿ, ಬೆವರು, ಎದೆಬಡಿತ ಶುರುವಾಗುತ್ತದೆ. ಇದೇ ಡಂಪಿಂಗ್. ಇದರ ಇನ್ನೊಂದು ರೂಪ ತಡವಾಗಿ ಬರುತ್ತದೆ: ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ, ಹೆಚ್ಚಾಗಿ ಸುರಿದ ಇನ್ಸುಲಿನ್‌ನಿಂದ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ, ತಲೆ ಮಂಕಾಗುತ್ತದೆ. ಇಡ್ಲಿ-ಕೇಸರಿಬಾತ್ ತಿಂದು ಎರಡು ಗಂಟೆಗೆ ಓಡಲು ಹೊರಟವರು ಇದಕ್ಕೆ ಸಿಕ್ಕಿಬೀಳುತ್ತಾರೆ. ಹಾಗಾದಾಗ ನಿಂತು, ಇದಕ್ಕೆಂದೇ ಜೇಬಿನಲ್ಲಿಟ್ಟುಕೊಂಡ ಗ್ಲೂಕೋಸ್ ಸ್ವಲ್ಪ ತಿಂದು, ಮನೆಗೆ ಬಂದು ಮೊಟ್ಟೆಯನ್ನೋ ಪನೀರನ್ನೋ ತಿನ್ನಿ; ಮತ್ತೆ ಮತ್ತೆ ಆದರೆ ವೈದ್ಯರಿಗೆ ಹೇಳಿ.

ನೀರಿನ ಕಥೆಯೂ ಇದೇ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು, ಊಟದ ಜೊತೆ ಕುಡಿಯುವಂತಿಲ್ಲ, ಉಂಡ ಮೇಲೆ ಅರ್ಧ ಗಂಟೆ ಬಿಡಬೇಕು, ಗಟಗಟ ಇಳಿಸುವಂತಿಲ್ಲ. ಓಡಿ ಬಂದು ಚೊಂಬು ಎತ್ತುವ ಸುಖ ನಿಮಗಿಲ್ಲ. ಹೊರಡುವ ಮೊದಲಿನ ಒಂದು ಗಂಟೆ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಬೆವರಿ ಬಂದ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆಗಿಂತ ಒಳ್ಳೆಯದು ನಮ್ಮಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುವುದರಿಂದ ಅದೂ ಗುಟುಕಿಗೆ ಆಗಬಹುದು.

ಆಪರೇಷನ್ ಆದ ಮೇಲೆ ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ಬದುಕಿರುವವರೆಗೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ ಒಂದೇ ಸಾಲದು. ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ಎಲ್ಲವೂ ಇರಲಿ. ದೇಹದ ಕಬ್ಬಿಣದ ದಾಸ್ತಾನು ತೋರಿಸುವುದು ಫೆರಿಟಿನ್. ಹಿಮೋಗ್ಲೋಬಿನ್ ಇನ್ನೂ ಸರಿಯಿರುವಾಗಲೇ ಅದು ತಳ ಕಂಡಿರಬಹುದು. ಹೋದ ತಿಂಗಳು ಸಲೀಸಾಗಿ ಓಡಿದ ದೂರ ಈ ತಿಂಗಳು ಉಸಿರು ಕಟ್ಟಿಸಿದರೆ ಸೋಮಾರಿತನವೆಂದು ನಿಮ್ಮನ್ನು ನೀವೇ ಬೈದುಕೊಳ್ಳುವ ಮೊದಲು ಲ್ಯಾಬಿಗೆ ಹೋಗಿ. ಮುಟ್ಟಾಗುವ ಹೆಂಗಸರಿಗೆ ಸರ್ಜರಿಯ ನಂತರ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣ ಬೇಕಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣವನ್ನು ಕಾಫಿ-ಟೀ ಜೊತೆ ನುಂಗಿದರೆ ಬಹುಪಾಲು ವ್ಯರ್ಥ. ಬೆಳಗಿನ ಫಿಲ್ಟರ್ ಕಾಫಿ ಬಿಡಲಾರದವರು ಮಾತ್ರೆಯ ಹೊತ್ತನ್ನು ಬದಲಿಸಿಕೊಳ್ಳಲಿ.

ಮೂಳೆಯ ವಿಷಯದಲ್ಲಿ ಹಟ ಬೇಡ. ತೂಕ ವೇಗವಾಗಿ ಇಳಿದಾಗ, ಬೈಪಾಸ್‌ನಲ್ಲಿ ಇನ್ನೂ ಹೆಚ್ಚಾಗಿ, ಮೂಳೆಯ ಸಾಂದ್ರತೆ ಕುಗ್ಗುತ್ತದೆ. ಓಟದ ಮರುದಿನ ಇಡೀ ಮೀನಖಂಡ ನೋಯುವುದು ಸಹಜ. ಮುಂಗಾಲಿನ ಮೂಳೆಯ ಮೇಲೆ ಅಥವಾ ಪಾದದಲ್ಲಿ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದು, ಓಡಿದಂತೆ ಹೆಚ್ಚುತ್ತಿದ್ದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು, ಅಂದೇ ನಿಲ್ಲಿಸಿ. ಮೂಳೆ, ಸ್ನಾಯು ಗಟ್ಟಿಯಾಗಲು ವಾರದಲ್ಲಿ ಎರಡು ದಿನ ಕುರ್ಚಿಯಿಂದ ಕೈ ಊರದೆ ಏಳುವುದು, ಹಿಮ್ಮಡಿ ಎತ್ತುವುದು, ಮಲಗಿ ಸೊಂಟ ಎತ್ತುವುದು, ಆಮೇಲೆ ಡಂಬೆಲ್; ಇದು ಓಟದಷ್ಟೇ ಮುಖ್ಯ. ಸಮಯ ಒಂದಕ್ಕೇ ಇದೆ ಎಂದರೆ ಓಟ ಬಿಟ್ಟು ಇದನ್ನೇ ಮಾಡಿ ಎಂದೇನು.

ಜೋಲುಬಿದ್ದ ಚರ್ಮದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಹೊಟ್ಟೆ, ತೊಡೆ, ತೋಳಿನಲ್ಲಿ ಅದು ಉಜ್ಜಿ ಹುಣ್ಣಾಗುತ್ತದೆ, ಮಳೆಗಾಲದಲ್ಲಿ ಮಡಿಕೆಯೊಳಗೆ ಫಂಗಸ್ ಹಿಡಿಯುತ್ತದೆ. ಮೈಗೆ ಬಿಗಿಯಾಗಿ ಕೂರುವ ಸೈಕ್ಲಿಂಗ್ ಚಡ್ಡಿಯಂಥ ಬಟ್ಟೆ, ಉಜ್ಜುವ ಕಡೆ ವ್ಯಾಸಲೀನ್, ಬಂದ ಕೂಡಲೇ ಸ್ನಾನ ಮಾಡಿ ಮಡಿಕೆಗಳನ್ನು ಒಣಗಿಸುವುದು. ಇಷ್ಟಕ್ಕೆ ಮುಕ್ಕಾಲು ಪಾಲು ಸರಿಹೋಗುತ್ತದೆ. ತೂಕ ಇಳಿದಂತೆ ಪಾದವೂ ಸಣ್ಣದಾಗಬಹುದು, ಹಾಗಾಗಿ ಮೊದಲ ಜೊತೆ ಶೂಗೆ ಹತ್ತು ಸಾವಿರ ಸುರಿಯಬೇಡಿ. ಜಾಗ ಸಮತಟ್ಟಾದ ಮಣ್ಣಿನದಿದ್ದರೆ ಒಳ್ಳೆಯದು: ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ, ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್. ಪಣಂಬೂರು ಕಡಲತೀರದ ಮೆತ್ತನೆ ಮರಳು ನೋಡಲು ಹಿತವಾದರೂ ಹೊಸಬರ ಮೀನಖಂಡಕ್ಕೆ ಅದು ಶಿಕ್ಷೆ.

ಓಡಿದರೆ ತೂಕ ಇನ್ನಷ್ಟು ಇಳಿಯುತ್ತದೆಯೇ? ಅಷ್ಟೇನೂ ಇಲ್ಲ. ಓಟಕ್ಕೆ ಕಿಲೋಮೀಟರಿಗೆ, ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚು. 85 ಕಿಲೋದವರು ವಾರಕ್ಕೆ ಮೂರು ದಿನ 5 ಕಿಲೋಮೀಟರ್ ಓಡಿದರೆ 1,275 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700. ಅಂದರೆ ಆರು ವಾರಕ್ಕೆ ಒಂದು ಕಿಲೋ. ತೂಕ ಇಳಿಸುವ ಕೆಲಸ ಸರ್ಜರಿಯದು, ಅದು ಹೆಚ್ಚಾಗಿ ಒಂದು-ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ. ಓಟಕ್ಕೆ ಬೆಲೆ ಬರುವುದು ಆಮೇಲೆ, ತೂಕ ಮೆಲ್ಲಗೆ ಮರಳಲು ನೋಡುವ ವರ್ಷಗಳಲ್ಲಿ. ಆದ್ದರಿಂದ ತೂಕ ನಿಂತಿತೆಂದು ಗಾಬರಿಯಾಗಿ ಊಟ ಕಡಿಮೆ ಮಾಡಿ ಓಟ ಹೆಚ್ಚಿಸುವುದು ಶುದ್ಧ ದಡ್ಡತನ.

ಕೊನೆಯದಾಗಿ ನೋವಿನ ಮಾತ್ರೆ. ಮಂಡಿ ನೋವೆಂದು ಓಟಗಾರರು ಸಲೀಸಾಗಿ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೈಪಾಸ್ ಆದವರಿಗೆ ವಿಷವಿದ್ದಂತೆ. ಜಠರ-ಕರುಳು ಸೇರುವ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಸ್ಲೀವ್ ಆದವರೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಪ್ಯಾರಾಸಿಟಮಾಲ್ ಪರವಾಗಿಲ್ಲ. ಇನ್ನು, ಹೊಟ್ಟೆ ಹಿಂಡುವಂಥ ತೀವ್ರ ನೋವು ಅಥವಾ ನಿಲ್ಲದ ವಾಂತಿ ಬಂದರೆ ಓಡಿದ್ದರಿಂದ ಎಂದು ಸುಮ್ಮನಿರಬೇಡಿ. ಪಿತ್ತಕೋಶದ ಕಲ್ಲಿರಬಹುದು, ಬೈಪಾಸ್ ಆದವರಲ್ಲಿ ಕರುಳು ಒಳಗೇ ಸಿಕ್ಕಿಕೊಂಡಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಮೈದಾನದಲ್ಲಿ ಕುಸಿದರೆ ನಿಮ್ಮನ್ನು ಎತ್ತಿಕೊಂಡು ಹೋಗುವವರಿಗೆ ನಿಮ್ಮ ಹೊಟ್ಟೆಯ ವಿಷಯ ಗೊತ್ತಿರುವುದಿಲ್ಲ. ಯಾವ ಸರ್ಜರಿ, ಯಾವ ವರ್ಷ, ವೈದ್ಯರ ಫೋನ್ ನಂಬರ್, ಯಾವ ಮಾತ್ರೆ ಕೊಡಬಾರದು ಎಂದು ಒಂದು ಚೀಟಿಯಲ್ಲಿ ಬರೆದು ಫೋನಿನ ಕವರಿನೊಳಗೆ ಇವತ್ತೇ ಇಟ್ಟುಕೊಳ್ಳಿ.